ಮಣೇಲಿನ ಒಂದು ಹಗಲು

ಹಾಯಿಹಡಗುಗಳ ಕಾಲದಲ್ಲಿ ಪಶ್ಚಿಮ ಕರಾವಳಿಯ ಜಲಯಾನವೆಂದರೆ ಸಾಗಿದ ದಿನಗಳಷ್ಟೇ ನಿಂತ ದಿನಗಳೂ ಉಂಟು. ಗಾಳಿ ತಿರುಗಲೆಂದು ಒಂದು ದಿನ, ಕಡಲುಗಳ್ಳರಿಗೆ ಅಂಜಿ ಬೆಂಗಾವಲಿನ ನಾವೆಗಳು ಬರಲೆಂದು ಎರಡು ದಿನ, ಅಳಿವೆಯ ಬಾಯಲ್ಲಿ ಅಕ್ಕಿಮುಡಿ ಏರಿಸಲೆಂದು ಮತ್ತೆರಡು ದಿನ. ಬಸರೂರು, ಮಂಗಳೂರು, ಹೊನ್ನಾವರಗಳ ಅಕ್ಕಿ ಗೋವೆಯ ಪೋರ್ಚುಗೀಸರ ಅನ್ನವಾಗಿದ್ದುದರಿಂದ ಇಂಥ ತಂಗುವಿಕೆ ಪ್ರತಿ ಯಾನದಲ್ಲೂ ತಪ್ಪಿದ್ದಲ್ಲ. ಲಂಗರು ಹಾಕಿದ ದಿನ ವ್ಯಾಪಾರಿಗೆ ನಷ್ಟದ ದಿನ, ನಾವಿಕನಿಗೆ ಬಿಡುವಿನ ದಿನ. ಆದರೆ ಸರಕೂ ಇಲ್ಲದ, ಸಂಬಳವೂ ಇಲ್ಲದ, ಕೇವಲ ನೋಡಲೆಂದೇ ಹೊರಟವನಿಗೆ ಅದೇ ಲಾಭದ ದಿನ. ಆತ ಸಣ್ಣ ದೋಣಿಯೊಂದನ್ನು ಗೊತ್ತುಮಾಡಿಕೊಂಡು ದಡಕ್ಕೆ ಇಳಿಯುತ್ತಾನೆ, ಊರು ನೋಡುತ್ತಾನೆ, ಕತ್ತಲಾಗುವುದರೊಳಗೆ, ಹೆಚ್ಚೆಂದರೆ ಮರುದಿನ, ಹಿಂದಿರುಗುತ್ತಾನೆ.

ತುಳುನಾಡಿನ ಇತಿಹಾಸದಲ್ಲಿ ಇಂಥ ಒಂದು ಹಗಲಿನ ಬೆಲೆ ಬಹಳ ದೊಡ್ಡದು. ಉಳ್ಳಾಲದ ಚೌಟವಂಶದ ರಾಣಿ ಅಬ್ಬಕ್ಕದೇವಿಯ ಬಗೆಗೆ ಜನಪದ ಕಥನಗಳಿವೆ, ಯಕ್ಷಗಾನ ಪ್ರಸಂಗಗಳಿವೆ, ನಾಟಕಗಳಿವೆ. 2012ರಲ್ಲಿ ಭಾರತದ ಕರಾವಳಿ ಕಾವಲು ಪಡೆಯ ನೌಕೆಯೊಂದು ಆಕೆಯ ಹೆಸರನ್ನೇ ಹೊತ್ತು ಸೇವೆಗೆ ಸೇರಿತು. ಆದರೆ ಆ ಹೆಸರಿನ ಒಬ್ಬ ರಾಣಿಯನ್ನು ಎದುರಿಗೆ ನಿಂತು ಕಂಡು, ಆಕೆ ಉಟ್ಟ ಬಟ್ಟೆ, ನಡೆದ ಬಗೆ, ಮೇಲೆ ಹಿಡಿದ ಕೊಡೆ ಎಲ್ಲವನ್ನೂ ಬರೆದಿಟ್ಟವನು ಹೀಗೆ ನಡುವೆ ಇಳಿದುಬಂದ ಒಬ್ಬ ಪರದೇಶಿ. ನಮ್ಮ ನಾಡಿನ ಒಬ್ಬ ಜೈನ ಅರಸಿಯ ರೂಪವನ್ನು ನಾವು ಇಂದಿಗೂ ಒಬ್ಬ ದಾರಿಹೋಕನ ಕಣ್ಣಿನಿಂದ ಪಡೆಯಬೇಕಾಗಿದೆ. ಆ ಕಣ್ಣನ್ನು ಎಷ್ಟು ನಂಬಬೇಕು, ಅದು ಕಂಡದ್ದರಲ್ಲಿ ನಮ್ಮ ಪಾಲಿಗೆ ನಿಜವಾಗಿ ದಕ್ಕುವುದು ಯಾವುದು ಎಂಬುದು ಸಾಹಿತ್ಯದ ವಿದ್ಯಾರ್ಥಿಗಳೂ ಇತಿಹಾಸದ ಸಂಶೋಧಕರೂ ಸೇರಿ ಯೋಚಿಸಬೇಕಾದ ಪ್ರಶ್ನೆ.

ಆತನ ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. 1586ರಲ್ಲಿ ರೋಮಿನ ಕುಲೀನ ಮನೆತನವೊಂದರಲ್ಲಿ ಹುಟ್ಟಿದವನು. 1614ರಲ್ಲಿ ವೆನಿಸಿನಿಂದ ಹಡಗು ಹತ್ತಿ ಕಾನ್‌ಸ್ಟಾಂಟಿನೋಪಲ್, ಈಜಿಪ್ಟ್, ಜೆರುಸಲೇಂಗಳನ್ನು ನೋಡಿ ಬಾಗ್ದಾದಿಗೆ ಬಂದನು. ಅಲ್ಲಿ ಸಿತ್ತಿ ಮಾನಿ ಎಂಬ ಕ್ರೈಸ್ತ ತರುಣಿಯನ್ನು ಮದುವೆಯಾದನು. ಆಕೆಯೊಂದಿಗೆ ಪರ್ಷಿಯಾದಲ್ಲಿ ಕೆಲವು ವರ್ಷ ಕಳೆದನು. 1621ರ ಕೊನೆಯಲ್ಲಿ ಆಕೆ ಪರ್ಷಿಯಾ ಕೊಲ್ಲಿಯ ಸಮೀಪದ ಮಿನಾಬಿನಲ್ಲಿ ತೀರಿಕೊಂಡಳು. ಪರನೆಲದಲ್ಲಿ ಅವಳನ್ನು ಮಣ್ಣುಮಾಡಲು ಮನಸ್ಸೊಪ್ಪದೆ, ದೇಹ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟುಕೊಂಡೇ ಆತ ಮುಂದಿನ ಯಾತ್ರೆಯನ್ನೆಲ್ಲ ನಡೆಸಿದನು. 1623ರ ಆರಂಭದಲ್ಲಿ ಸೂರತ್ತಿಗೆ, ಅಲ್ಲಿಂದ ಗೋವೆಗೆ ಬಂದನು. ಆತ ವ್ಯಾಪಾರಿಯಲ್ಲ, ಪಾದ್ರಿಯಲ್ಲ, ಸೈನಿಕನೂ ಅಲ್ಲ. ನೇಪಲ್ಸಿನ ಗೆಳೆಯ, ವೈದ್ಯ ಮಾರಿಯೊ ಸ್ಕಿಪಾನೊ ಎಂಬವನಿಗೆ ಕಂಡದ್ದನ್ನೆಲ್ಲ ಪತ್ರಗಳಲ್ಲಿ ಬರೆಯುವುದೇ ಆತನ ಕೆಲಸ. ಭಾರತದ ಪತ್ರಗಳು ಆತ ತೀರಿಕೊಂಡ ಹನ್ನೊಂದು ವರ್ಷಗಳ ಮೇಲೆ, 1663ರಲ್ಲಿ ಅಚ್ಚಾದವು. 1665ರಲ್ಲಿ ಇಂಗ್ಲಿಷಿಗೆ ಬಂದವು. ಆ ಇಂಗ್ಲಿಷ್ ಪಾಠವನ್ನೇ 1892ರಲ್ಲಿ ಎಡ್ವರ್ಡ್ ಗ್ರೇ ಟಿಪ್ಪಣಿಗಳೊಂದಿಗೆ ಪರಿಷ್ಕರಿಸಿ ಹೊರತಂದನು. ನಮ್ಮ ಇತಿಹಾಸಕಾರರಲ್ಲಿ ಹೆಚ್ಚಿನವರು ಬಳಸುವುದು ಈ ಪಾಠವನ್ನು.

ಆತ ಕನ್ನಡನಾಡಿಗೆ ಬಂದದ್ದು ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗೆ, 1623ರ ಮಳೆಗಾಲ ಮುಗಿದ ಮೇಲೆ. ರಾಯಭಾರದ ವಿಷಯಗಳಲ್ಲಿ ಒಂದು ಮಂಗಳೂರಿನ ಬಂಗರಸನಿಗೂ ಉಳ್ಳಾಲದ ರಾಣಿಗೂ ನಡೆದಿದ್ದ ಕಲಹ. ಬಂಗನ ಬೆನ್ನಿಗೆ ಪೋರ್ಚುಗೀಸರು, ರಾಣಿಯ ಬೆನ್ನಿಗೆ ವೆಂಕಟಪ್ಪ ನಾಯಕ. ಎರಡೂ ಜೈನ ಮನೆತನಗಳು. ರಾಣಿ ಒಮ್ಮೆ ಬಂಗನ ಕೈಹಿಡಿದಿದ್ದು, ಆಮೇಲೆ ಬೇರೆಯಾದವಳು. ಆತ ಇದನ್ನೆಲ್ಲ ಪೋರ್ಚುಗೀಸರ ಬಾಯಿಂದ ಕೇಳಿ ಬರೆದುಕೊಂಡಿದ್ದಾನೆ. ಹೊಳೆಯಲ್ಲಿ ದೋಣಿಯೇರಿ ಹೋಗುತ್ತಿದ್ದ ಅವಳನ್ನು ಬಂಗನ ದೋಣಿಗಳು ಅಡ್ಡಗಟ್ಟಿ ಹಿಡಿದದ್ದು, ಮಾತಿನ ಬಲದಿಂದಲೇ ಆಕೆ ಬಿಡಿಸಿಕೊಂಡು ಬಂದದ್ದು ಅಂಥ ಕಥೆಗಳಲ್ಲಿ ಒಂದು. ಅದು ಕೇಳಿದ್ದು, ಕಂಡದ್ದಲ್ಲ. ಆತನ ಪತ್ರಗಳನ್ನು ಓದುವಾಗ ಈ ಎರಡನ್ನು ಬೇರೆ ಬೇರೆ ಇಟ್ಟುಕೊಳ್ಳುವುದು ಮೊದಲ ಕರ್ತವ್ಯ.

ಕಂಡದ್ದನ್ನು ಬರೆಯುವಾಗ ಆತನ ಶಕ್ತಿ ಬೇರೆಯೇ. ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಹೋಗುವಾಗ ಹೊಳೆಯ ಚೆಲುವನ್ನು ಮನಸಾರೆ ಕೊಂಡಾಡುತ್ತಾನೆ. ಗೇರುಸೊಪ್ಪೆಯಲ್ಲಿ ಇಳಿದರೆ ಹಾಳುಬಿದ್ದ ಪಟ್ಟಣ, ಮರಗಳು ಮುಚ್ಚಿಕೊಂಡ ಅರಮನೆಯ ನೆಲೆ, ನಡುವೆ ರೈತರ ಕೆಲವು ಗುಡಿಸಲು. ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯ ರಾಜಧಾನಿ ಅದು. ಇಕ್ಕೇರಿಯ ದಾರಿಯಲ್ಲಿ ಹೊರೆಗಳನ್ನು ಸಜ್ಜುಗೊಳಿಸುವವರೆಗೆ ದೇವಾಲಯವೊಂದರ ಜಗಲಿಯಲ್ಲಿ ಕಾಯಬೇಕಾಗುತ್ತದೆ. ಅಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಂಕೆ ಬರೆಯುತ್ತ, ರಾಗವಾಗಿ ಹೇಳಿಕೊಳ್ಳುತ್ತ, ಗುರುವಿಲ್ಲದೆ ತಾವೇ ಲೆಕ್ಕ ಕಲಿಯುತ್ತಿದ್ದುದನ್ನು ನೋಡುತ್ತಾನೆ. ನಮ್ಮ ಹಳೆಯ ಶಿಕ್ಷಣಕ್ರಮದ ಬಗೆಗೆ ಬರೆದವರೆಲ್ಲ ಮತ್ತೆ ಮತ್ತೆ ಉಲ್ಲೇಖಿಸುವ ಈ ಚಿತ್ರ ದೊರೆತದ್ದು ರಾಯಭಾರದ ಸಭೆಯಲ್ಲಲ್ಲ, ಕಾಯುವ ಹೊತ್ತಿನಲ್ಲಿ. ಯಾತ್ರೆಯ ಉದ್ದೇಶ ಸಡಿಲವಾದಾಗಲೇ ಕಣ್ಣು ಚುರುಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಘಟ್ಟವಿಳಿದು ಬಸರೂರಿನ ಮೂಲಕ ಆತ ಮಂಗಳೂರಿಗೆ ಬಂದದ್ದು ಆ ವರ್ಷದ ಡಿಸೆಂಬರಿನಲ್ಲಿ. ಮಂಗಳೂರಿನ ಅಳಿವೆಗೆ ಎರಡು ಹೊಳೆಗಳು ಬಂದು ಸೇರುತ್ತವೆ. ತೆಂಕಣದ್ದು ನೇತ್ರಾವತಿ. ಸುಬ್ರಹ್ಮಣ್ಯದ ಕಾಡಿನಿಂದ ಕಡಬ ಸೀಮೆಯನ್ನು ಹಾದು ಬರುವ ಕುಮಾರಧಾರೆಯನ್ನು ಪುತ್ತೂರು ತಾಲೂಕಿನ ಉಪ್ಪಿನಂಗಡಿಯಲ್ಲಿ ತನ್ನೊಳಗೆ ಸೇರಿಸಿಕೊಂಡು ಬರುವ ನದಿ. ಬಡಗಣದ್ದು ಗುರುಪುರದ ಹೊಳೆ, ಫಲ್ಗುಣಿ. ಬಂಗನೊಡನೆ ನಡೆದ ಕಲಹದ ಆ ದಿನಗಳಲ್ಲಿ ರಾಣಿ ಇದ್ದದ್ದು ಉಳ್ಳಾಲದಲ್ಲಲ್ಲ, ಈ ಬಡಗಣ ಹೊಳೆಯ ಮೇಲ್ಭಾಗದ ಮಣೇಲಿನಲ್ಲಿ. ಗುರುಪುರದ ಸಮೀಪದ ಮಳಲಿಯ ಪ್ರದೇಶವನ್ನು ಇತಿಹಾಸಕಾರರು ಆ ಮಣೇಲೆಂದು ಗುರುತಿಸುತ್ತಾರೆ. ದೆಲ್ಲಾ ವಾಲ್ಲೆಗೆ ಅಲ್ಲಿ ಯಾವ ಕಾರ್ಯವೂ ಇರಲಿಲ್ಲ. ಹೆಸರಾದ ರಾಣಿಯೊಬ್ಬಳಿದ್ದಾಳೆ, ಇಷ್ಟು ಸಮೀಪ ಬಂದು ನೋಡದೆ ಹೋಗಬಾರದು, ಇಷ್ಟೇ. ದೋಣಿಯೊಂದನ್ನು ಹಿಡಿದು ಹೊಳೆಯಲ್ಲಿ ಮೇಲಕ್ಕೆ ಸಾಗಿ ಮಣೇಲಿನ ಕಡವಿನಲ್ಲಿ ಇಳಿದನು.

ಬಿಡಾರ ಹುಡುಕುತ್ತ ಪೇಟೆಯ ಬೀದಿಯಲ್ಲಿ ಹೋಗುತ್ತಿರುವಾಗ ಎದುರಿನಿಂದ ರಾಣಿಯೇ ನಡೆದುಬಂದಳು. ಪಲ್ಲಕ್ಕಿಯಿಲ್ಲ, ಆನೆಯಿಲ್ಲ, ಸಖಿಯರ ಗುಂಪಿಲ್ಲ. ಮುಂದೆ ನಾಲ್ಕಾರು, ಹಿಂದೆ ಅಷ್ಟೇ ಮಂದಿ ಕಾಲಾಳುಗಳು. ಸೊಂಟಕ್ಕೊಂದು ಬಟ್ಟೆ, ಹೆಗಲಿಗೊಂದು ಬಟ್ಟೆ, ಕೈಯಲ್ಲಿ ಕತ್ತಿ, ಕೆಲವರಲ್ಲಿ ಗುರಾಣಿ. ಅವರಲ್ಲೊಬ್ಬನು ರಾಣಿಯ ತಲೆಯ ಮೇಲೆ ಸಾಮಾನ್ಯವಾದ ಓಲೆಕೊಡೆಯೊಂದನ್ನು ಹಿಡಿದಿದ್ದನು. ಬರಿಗಾಲಿನಲ್ಲಿ ನಡೆಯುತ್ತಿದ್ದ ಆಕೆ ಉಟ್ಟದ್ದು ದಪ್ಪನೆಯ ಬಿಳಿಯ ಹತ್ತಿಬಟ್ಟೆ. ಮೈ ಕಪ್ಪು; ಸ್ಥೂಲಕಾಯ; ಆದರೆ ನಡಿಗೆಯಲ್ಲಿ ಭಾರವಿಲ್ಲ, ಚುರುಕು. ಪೋರ್ಚುಗೀಸರು ಆಕೆ ಮುದುಕಿಯೆಂಬಂತೆ ಹೇಳಿದ್ದರೂ ಆತನ ಕಣ್ಣಿಗೆ ಸುಮಾರು ನಲವತ್ತರ ವಯಸ್ಸು. ನೋಡುವುದಕ್ಕೆ ರಾಣಿಯೆನ್ನುವುದಕ್ಕಿಂತ ಅಡುಗೆಯವಳೋ ಬಟ್ಟೆ ಒಗೆಯುವವಳೋ ಎಂಬಂತಿದ್ದಳೆಂದು ಆತ ಬರೆಯುತ್ತಾನೆ. ಆದರೆ ಆಕೆ ಬಾಯಿ ತೆರೆದಾಗ ಮಾತಿನಲ್ಲಿ ವಿವೇಕ ಕಂಡಿತೆಂದೂ ಸೇರಿಸುತ್ತಾನೆ. ರಾಣಿ ಬೀದಿಯಲ್ಲೇ ನಿಂತು, ದುಭಾಷಿಯ ಮೂಲಕ, ಬಂದವನು ಯಾರು, ಯಾವ ದೇಶದವನು ಎಂದು ವಿಚಾರಿಸಿದಳು. ಆಮೇಲೆ ತನ್ನ ದಾರಿ ಹಿಡಿದಳು. ಆಕೆ ಹೊರಟಿದ್ದು ಹೊಲದ ಕಡೆಗೆ, ತಾನು ತೋಡಿಸುತ್ತಿದ್ದ ಕಾಲುವೆಗಳ ಕೆಲಸವನ್ನು ನೋಡುವುದಕ್ಕೆ.

ಆತ ಆಕೆಯ ಹೆಸರನ್ನೂ ಕೇಳಿ ಬರೆದುಕೊಂಡಿದ್ದಾನೆ: ಅಬಗ್ ದೇವಿ ಚೌತ್ರು. ಅಬಗ್ ಎಂಬುದು ಅಂಕಿತನಾಮ, ದೇವಿ ಎಂದರೆ ಒಡತಿ ಎಂದು ಬಿಡಿಸಿ ಹೇಳುತ್ತಾನೆ. ತುಳುವರ ‘ಅಬ್ಬಕ್ಕ’ ರೋಮಿನವನ ಕಿವಿಯಲ್ಲಿ ‘ಅಬಗ್’ ಆದದ್ದು, ‘ಚೌಟರು’ ‘ಚೌತ್ರು’ ಆದದ್ದು ಸಹಜ. ರಾಣಿಯ ಮಗನ ಆತಿಥ್ಯವೂ ಆತನಿಗೆ ದೊರೆಯಿತು. ನೆಲದ ಮೇಲೆ ಕುಳಿತು ಎಲೆಯಲ್ಲಿ ಅನ್ನ ಉಂಡನು. ಮಂಗಳೂರಿಗೆ ಮರಳಿದ ಮೇಲೆ ಕದಿರೆಯ ಜೋಗಿಗಳ ಮಠವನ್ನು ನೋಡಿದನು. ಆಮೇಲೆ ಹಡಗು ಕಲ್ಲಿಕೋಟೆಯತ್ತ ಹೊರಟಿತು. ಮಣೇಲಿನ ಪ್ರಕರಣ ಅಲ್ಲಿಗೆ ಮುಗಿಯಿತು.

ಈ ಬರೆಹ ಮೊದಲಿಗೆ ಪ್ರಯೋಜನಕ್ಕೆ ಬರುವುದು ಕಾಲನಿರ್ಣಯಕ್ಕೆ. 1623ರಲ್ಲಿ ನಲವತ್ತರ ಆಸುಪಾಸಿನ ಹೆಂಗಸೆಂದರೆ 1580ರ ದಶಕದ ಆರಂಭದಲ್ಲಿ ಹುಟ್ಟಿದವಳು. ಪೋರ್ಚುಗೀಸರು ಉಳ್ಳಾಲದ ಮೇಲೆ ದಂಡೆತ್ತಿ ಬಂದು ಮಂಗಳೂರಿನಲ್ಲಿ ಕೋಟೆ ಕಟ್ಟಿದ್ದು 1568ರಲ್ಲಿ. ಆ ಯುದ್ಧದಲ್ಲಿ ಸೆಣಸಿದ ಅಬ್ಬಕ್ಕನೂ ಮಣೇಲಿನ ಬೀದಿಯಲ್ಲಿ ಕಂಡ ಅಬ್ಬಕ್ಕನೂ ಒಬ್ಬಳೇ ಆಗಲಾರಳು. ಆತನ ಅಂದಾಜಿನಲ್ಲಿ ಹತ್ತು ವರ್ಷ ಹೆಚ್ಚುಕಡಿಮೆಯಾದರೂ ಈ ಲೆಕ್ಕ ಬದಲಾಗದು. ಚೌಟರಲ್ಲಿ ಅಳಿಯಸಂತಾನದ ಪದ್ಧತಿಯಿತ್ತು. ಅಜ್ಜಿಯ ಹೆಸರು, ದೊಡ್ಡಮ್ಮನ ಹೆಸರು ತಲೆಮಾರಿನಿಂದ ತಲೆಮಾರಿಗೆ ಹೆಣ್ಣುಮಕ್ಕಳಲ್ಲಿ ಮರುಕಳಿಸುವುದು ಸಹಜ. ಕಥನಗಳಲ್ಲಿ ಒಬ್ಬಳೇ ಆಗಿ ಬೆಸೆದುಕೊಂಡ ಅಬ್ಬಕ್ಕ ಇತಿಹಾಸದಲ್ಲಿ ಒಬ್ಬಳಿಗಿಂತ ಹೆಚ್ಚು ಎಂಬ ವಿದ್ವಾಂಸರ ಮಾತಿಗೆ ದಾರಿಹೋಕನೊಬ್ಬನ ಕಣ್ಣಳತೆಯೂ ಬಲ ಕೊಡುತ್ತದೆ.

ಇನ್ನು ಆತ ಕಾಣದೆ ಹೋದದ್ದು. ಅದೇ ವರ್ಷ ಖಂಬಾಯತದಲ್ಲಿ ಹಕ್ಕಿಗಳಿಗೂ ಮೂಕಪ್ರಾಣಿಗಳಿಗೂ ನಡೆಯುತ್ತಿದ್ದ ಆಸ್ಪತ್ರೆಗಳನ್ನು ಬೆರಗಿನಿಂದ ನೋಡಿ ಬರೆದವನು ಈತನೇ. ಗುಜರಾತಿನಲ್ಲಿ ಜೀವದಯೆಯ ಆ ಆಚರಣೆಯನ್ನು ಕಂಡವನಿಗೆ ಗೇರುಸೊಪ್ಪೆಯ ಹಾಳಿನಲ್ಲಿಯೂ ಮಣೇಲಿನ ಬೀದಿಯಲ್ಲಿಯೂ ಅದೇ ಧರ್ಮದವರ ನೆಲದಲ್ಲಿ ತಾನು ನಿಂತಿದ್ದೇನೆಂದು ತೋರಲಿಲ್ಲ. ಗೇರುಸೊಪ್ಪೆಯ ಚತುರ್ಮುಖ ಬಸದಿ ಆತನ ಪುಟಗಳಲ್ಲಿ ಇಲ್ಲ. ರಾಣಿ ಆತನ ಪಾಲಿಗೆ ಬರಿಯ ‘ಜೆಂಟೈಲ್’, ಕ್ರೈಸ್ತಳೂ ಅಲ್ಲದ ಮುಸ್ಲಿಮಳೂ ಅಲ್ಲದ ಒಬ್ಬಳು. ಎರಡು ಶತಮಾನಗಳಷ್ಟು ಹಿಂದೆಯೇ, 1430ರಲ್ಲಿ, ಮೂಡುಬಿದಿರೆಯಲ್ಲಿ ಸಾವಿರ ಕಂಬದ ಬಸದಿ ನಿಂತಿತ್ತು. ಆ ಪರಂಪರೆಗೆ ಸೇರಿದ ಅರಸಿಯೊಬ್ಬಳ ಎದುರು ನಿಂತೂ ಆ ಲೋಕದ ಬಾಗಿಲು ಆತನಿಗೆ ತೆರೆಯಲಿಲ್ಲ.

ಬಾಗಿಲು ತೆರೆಯುವ ಮಾತು ಜೈನ ಕಥಾಲೋಕದಲ್ಲಿ ಪರಿಚಿತವಾದದ್ದೇ. ಶ್ರೀಪಾಲನ ಕಥೆಯನ್ನು ಕನ್ನಡದಲ್ಲಿ 16ನೆಯ ಶತಮಾನದ ಮೂರನೆಯ ಮಂಗರಸ ಸಾಂಗತ್ಯವಾಗಿ ಬರೆದಿದ್ದಾನೆ. ಸಿದ್ಧಚಕ್ರದ ಆರಾಧನೆಯಿಂದ ಕುಷ್ಠ ನೀಗಿದ ಶ್ರೀಪಾಲ ಧವಳನೆಂಬ ವರ್ತಕನ ಹಡಗಿನಲ್ಲಿ ಹೊರಟು ದ್ವೀಪವೊಂದರಲ್ಲಿ ಇಳಿಯುತ್ತಾನೆ. ಅಲ್ಲಿ ಯಾರಿಂದಲೂ ತೆರೆಯಲಾಗದೆ ಮುಚ್ಚಿಕೊಂಡೇ ಇದ್ದ ಜಿನಾಲಯದ ಕದ ಅವನ ಕೈ ತಾಗಿದೊಡನೆ ತೆರೆದುಕೊಳ್ಳುತ್ತದೆ. ವ್ಯಾಪಾರದ ಯಾನದ ನಡುವಿನ ಒಂದು ತಂಗುವಿಕೆಯೇ ಕಥೆಯ ತಿರುವಾಗುತ್ತದೆ. ಇಳಿದವರೆಲ್ಲರಿಗೂ ಕದ ತೆರೆಯುವುದಿಲ್ಲ, ಇಳಿಯದವರಿಗಂತೂ ತೆರೆಯುವುದೇ ಇಲ್ಲ ಎಂಬುದು ಆ ಕಥೆಯ ಲೋಕಜ್ಞಾನ.

ನೋಡುವ ಬಗೆಗೇ ಒಂದು ಶಿಸ್ತನ್ನು ವಿಧಿಸಿದ ಗ್ರಂಥವೂ ಜೈನ ಪರಂಪರೆಯಲ್ಲಿದೆ. ಶ್ವೇತಾಂಬರ ಆಗಮಗಳಲ್ಲಿ ಮೊದಲನೆಯದಾದ ಆಚಾರಾಂಗದ ಎರಡನೆಯ ಶ್ರುತಸ್ಕಂಧದಲ್ಲಿ ಮುನಿಯ ನಡೆಯನ್ನು ಕುರಿತ ಅಧ್ಯಯನವುಂಟು. ತುಳುನಾಡಿನ ಜೈನರು ದಿಗಂಬರರು. ಉಳಿದುಬಂದಿರುವ ಆ ಪಾಠ ಅವರಿಗೆ ಪ್ರಮಾಣವಲ್ಲ. ಆದರೂ ಸಮಿತಿಗಳಲ್ಲಿ ಮೊದಲನೆಯದಾದ ಈರ್ಯಾಸಮಿತಿ ಇಬ್ಬರಿಗೂ ಸಮಾನ. ನೀರು ಅಡ್ಡಬಂದಾಗ ಮುನಿ ದೋಣಿ ಹತ್ತಬಹುದು. ಹತ್ತಿದ ಮೇಲೆ ಹಗ್ಗ ಎಳೆಯಬಾರದು, ಹುಟ್ಟು ಹಾಕಬಾರದು, ಒಳಗೆ ಬಂದ ನೀರನ್ನು ಮೊಗೆಯಬಾರದು. ನೀರೂ ಜೀವಕಾಯವೇ ಆದ್ದರಿಂದ. ಅದೇ ಅಧ್ಯಯನದಲ್ಲಿ ಇನ್ನೊಂದು ನಿಯಮವಿದೆ. ದಾರಿಯಲ್ಲಿ ಕೋಟೆಗೋಡೆ, ಕಂದಕ, ಹೆಬ್ಬಾಗಿಲು ಮುಂತಾದವು ಎದುರಾದರೆ ಮುನಿ ತೋಳೆತ್ತಿ, ಬೆರಳು ಮಾಡಿ ತೋರಿಸುತ್ತ, ಬಗ್ಗಿ ಎದ್ದು ನೋಡಬಾರದು. ಅಲ್ಲಿನ ಮೃಗಪಕ್ಷಿಗಳು ಬೆದರಿಯಾವು. ನೋಟವೆಂಬುದು ನೋಡುವವನ ಖಾಸಗಿ ಸುಖವಲ್ಲ, ನೋಡಿಸಿಕೊಳ್ಳುವವರಿಗೂ ಅದು ತಟ್ಟುತ್ತದೆ ಎಂಬ ಅರಿವು ಈ ನಿಯಮದ ಹಿಂದೆ ಇದೆ. ದೇಶನೋಟಕ್ಕೆ ಹೊರಟವರಿಗೆ ಇದಕ್ಕಿಂತ ಹಳೆಯ, ಇದಕ್ಕಿಂತ ಸೂಕ್ಷ್ಮವಾದ ಎಚ್ಚರಿಕೆ ಸಿಗುವುದು ಕಷ್ಟ.

ದೆಲ್ಲಾ ವಾಲ್ಲೆಯ ಬರೆಹದಲ್ಲಿ ಬೆರಳು ತೋರುವ ನೋಟವೂ ಇದೆ, ಬೆರಳಿಳಿಸಿ ನೋಡಿದ ನೋಟವೂ ಇದೆ. ಮೈಬಣ್ಣದ ಮಾತು, ಅಡುಗೆಯವಳ ಹೋಲಿಕೆ ಮೊದಲನೆಯದು. ಯುರೋಪಿನ ಅರಮನೆಯ ರಾಣಿಯನ್ನು ತಲೆಯಲ್ಲಿಟ್ಟುಕೊಂಡು ಆತ ಮಣೇಲಿನ ರಾಣಿಯನ್ನು ಅಳೆಯುತ್ತಾನೆ. ಅಳತೆ ತಪ್ಪಿದಾಗ ನಗುತ್ತಾನೆ. ಬರಿಗಾಲು, ಓಲೆಕೊಡೆ, ದಪ್ಪ ಹತ್ತಿಬಟ್ಟೆ, ಚುರುಕಾದ ನಡಿಗೆ, ಕಾಲುವೆಯ ಕಡೆಗಿನ ದಾರಿ ಎರಡನೆಯದು. ಈ ವಿವರಗಳ ಅರ್ಥ ಆತನಿಗೆ ಹೊಳೆದಿಲ್ಲ. ಹೊಳೆಯದಿದ್ದರೂ ಬಿಡದೆ ಬರೆದಿದ್ದಾನೆ. ಅರ್ಥವಾಗದ್ದನ್ನೂ ಬರೆದಿಡುವುದು ಪ್ರವಾಸಿಯ ದೊಡ್ಡ ಗುಣ. ಅದಕ್ಕೆ ಅರ್ಥ ಕೊಡುವ ಹೊಣೆ ಆ ನೆಲದ ಓದುಗನದು.

ಆ ಓದುಗನಾಗಲು ಪುತ್ತೂರು, ಸುಳ್ಯ, ಕಡಬ ಸೀಮೆಯ ಯಾವ ಕೃಷಿಕನಿಗಾದರೂ ವಿಶೇಷ ಪಾಂಡಿತ್ಯ ಬೇಡ. ಅವನು ಮೊದಲು ಕೇಳುವುದು ತಿಂಗಳು ಯಾವುದೆಂದು. ಡಿಸೆಂಬರ್ ಎಂದರೆ ಅವನಿಗೆ ಕಥೆ ಅರ್ಧ ತಿಳಿದಂತೆಯೇ. ಮಳೆ ನಿಂತು ತಿಂಗಳು ಕಳೆದಿರುತ್ತದೆ. ಕುಮಾರಧಾರೆಗೂ ಪಯಸ್ವಿನಿಗೂ ಇಳಿಯುವ ನೂರಾರು ತೋಡುಗಳಲ್ಲಿ ನೀರು ಸಣ್ಣದಾಗುತ್ತ ಬರುತ್ತದೆ. ಏಣೆಲಿನ ಕೊಯ್ಲು ಮುಗಿದು ಸುಗ್ಗಿಯ ಬೆಳೆ ಗದ್ದೆಯಲ್ಲಿರುತ್ತದೆ. ಬೈಲುಗದ್ದೆಗಳಲ್ಲಿ ಮುಂದೆ ಕೊಳಕೆಯ ಬೆಳೆ ಆಗಬೇಕಾದರೆ ನೀರನ್ನು ಈಗಲೇ ಹಿಡಿಯಬೇಕು. ಆ ದಿನಗಳಲ್ಲಿ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪು, ಅಡಿಕೆಮರದ ಕಾಂಡ ಹಾಕಿ ‘ಕಟ್ಟ’ ಕಟ್ಟುತ್ತಾರೆ. ಮಳೆಗಾಲದಲ್ಲಿ ಹೂಳು ತುಂಬಿದ ಕಾಲುವೆಗಳನ್ನು ತೆಗೆಯುತ್ತಾರೆ, ತೋಟದ ಕಣಿಗಳನ್ನು ಸರಿಮಾಡುತ್ತಾರೆ. ಒಂದು ಕಟ್ಟದ ನೀರು ಹತ್ತು ಮನೆಗಳ ಗದ್ದೆ–ತೋಟಗಳಿಗೆ ಹಂಚಿಹೋಗಬೇಕಾದ್ದರಿಂದ ಮನೆಗೊಬ್ಬರಂತೆ ಕೆಲಸಕ್ಕೆ ಬರುತ್ತಾರೆ. ಯಾರ ಗದ್ದೆಗೆ ಯಾವ ದಿನ, ಎಷ್ಟು ಹೊತ್ತು ಎಂಬ ಮಾತು ಅಲ್ಲೇ ತೀರ್ಮಾನವಾಗುತ್ತದೆ. ಕೆಲವೊಮ್ಮೆ ಜಗಳವೂ ಅಲ್ಲೇ ಹುಟ್ಟುತ್ತದೆ. ಇಂಥ ದಿನ ಯಜಮಾನನಾದವನು, ಯಜಮಾನಿಯಾದವಳು ಚಾವಡಿಯಲ್ಲಿ ಕುಳಿತಿದ್ದರೆ ಕೆಲಸ ಸಾಗದು. ಕಾಲುವೆಯ ದಂಡೆಯ ಮೇಲೆ ನಿಲ್ಲಲೇಬೇಕು. ಕೆಸರಿನಲ್ಲಿ ನಿಲ್ಲುವವರಿಗೆ ಕಾಲಲ್ಲಿ ಪಾದುಕೆಯಿರುವುದಿಲ್ಲ.

ಈ ಬೆಳಕಿನಲ್ಲಿ ಮಣೇಲಿನ ಚಿತ್ರ ಬೇರೆಯಾಗಿ ಕಾಣುತ್ತದೆ. ಬರಿಗಾಲು ಬಡತನದ ಗುರುತಲ್ಲ, ಕೆಲಸದ ಗುರುತು. ದಪ್ಪನೆಯ ಬಿಳಿಬಟ್ಟೆ ಹೊಲಕ್ಕೆ ಹೊರಟವರ ಉಡುಗೆ. ಓಲೆಕೊಡೆ ಡಿಸೆಂಬರಿನ ಹಗಲಿನ ಬಿಸಿಲಿಗೆ. ಕತ್ತಿ ಹಿಡಿದ ಹತ್ತಾರು ಮಂದಿ ಯುದ್ಧ ಇನ್ನೂ ಆರಿಲ್ಲದ ಕಾಲದ ಎಚ್ಚರಿಕೆಗೆ. ಅಲ್ಲಿ ತೋಡಿಸುತ್ತಿದ್ದದ್ದು ಗದ್ದೆಯ ನೀರಿನ ಕಾಲುವೆಯೇ, ಬೇರೆ ಬಗೆಯ ಅಗಳೇ ಎಂದು ಆ ಒಂದೆರಡು ವಾಕ್ಯಗಳ ಮೇಲೆ ಹಟ ಹಿಡಿಯುವಂತಿಲ್ಲ. ಆದರೆ ತಿಂಗಳು, ನೆಲ, ಹೊಳೆಬದಿಯ ಊರು, ಒಡತಿ ತಾನೇ ಹೊಲಕ್ಕೆ ಹೋದದ್ದು, ಈ ನಾಲ್ಕನ್ನೂ ಕೂಡಿಸಿದರೆ ನೀರಾವರಿಯ ಕಡೆಗೇ ಮನಸ್ಸು ವಾಲುತ್ತದೆ. ಗೋವೆಯ ಅನ್ನಕ್ಕೆ ಅಕ್ಕಿ ಕೊಡುವ ನಾಡಿನಲ್ಲಿ, ಯುದ್ಧದಿಂದ ಬಳಲಿದ ಸೀಮೆಯಲ್ಲಿ, ಮುಂದಿನ ಬೆಳೆಯೇ ಮುಂದಿನ ವರ್ಷದ ಬೊಕ್ಕಸ. ರಾಣಿ ಪರದೇಶದ ಅತಿಥಿಯೊಡನೆ ಬೀದಿಯಲ್ಲಿ ನಾಲ್ಕು ಮಾತಾಡಿ ಕಾಲುವೆಯತ್ತ ನಡೆದುಬಿಟ್ಟದ್ದು ಅನಾದರವಲ್ಲ. ಆ ದಿನದ ಕೆಲಸಗಳಲ್ಲಿ ಯಾವುದು ಮೊದಲು ಎಂಬ ತಿಳಿವಳಿಕೆ.

ನಮ್ಮ ಶಾಸನಗಳನ್ನು ಓದಿದವರಿಗೆ ಇದು ಹೊಸತಲ್ಲ. ಬಸದಿಗೆ ಭೂಮಿ ಬಿಡುವಾಗ ಎಣಿಸುವ ಅಷ್ಟಭೋಗಗಳಲ್ಲಿ ನಿಧಿ, ನಿಕ್ಷೇಪಗಳ ಬೆನ್ನಿಗೇ ಜಲ ಬರುತ್ತದೆ. ತುಳುನಾಡಿನ ದಾನಶಾಸನಗಳಲ್ಲಿ ಅಭಿಷೇಕ, ನೈವೇದ್ಯ, ಆಹಾರದಾನಗಳಿಗೆ ಅಕ್ಕಿಯನ್ನು ಮುಡಿಯ ಲೆಕ್ಕದಲ್ಲಿ ಬಿಟ್ಟದ್ದನ್ನು ಕಾಣುತ್ತೇವೆ. ಆ ಅಕ್ಕಿಯ ಹಿಂದೆ ಒಂದು ಗದ್ದೆ, ಗದ್ದೆಯ ಹಿಂದೆ ಒಂದು ಕಾಲುವೆ, ಕಾಲುವೆಯ ಹಿಂದೆ ಅದನ್ನು ವರ್ಷ ವರ್ಷವೂ ಹೂಳೆತ್ತಿಸಿದವರು ಇದ್ದೇ ಇರಬೇಕು. ಶಾಸನಕವಿ ದಾನಿಯ ಬಿರುದುಗಳನ್ನು ಹೇಳುತ್ತಾನೆ, ದಾನದ ಫಲವನ್ನು ಹೇಳುತ್ತಾನೆ, ಅಳಿದವನ ಪಾಪವನ್ನು ಹೇಳುತ್ತಾನೆ. ಆ ದಾನಿ ಬೆಳಗ್ಗೆ ಎದ್ದು ಕಾಲುವೆ ನೋಡಲು ಹೋದನೆಂದು, ಹೋದಳೆಂದು ಹೇಳುವುದಿಲ್ಲ. ಅದು ಎಲ್ಲರಿಗೂ ಗೊತ್ತಿದ್ದದ್ದು, ಕಲ್ಲಿನಲ್ಲಿ ಕೊರೆಯಬೇಕಾದದ್ದಲ್ಲ. ಗೊತ್ತಿರುವವರು ಬರೆಯದೆ ಬಿಟ್ಟದ್ದನ್ನು ಗೊತ್ತಿಲ್ಲದವನು ಬರೆದನು. ಒಂದು ಹಗಲಿನ ಪ್ರವಾಸಿಯಿಂದ ಇತಿಹಾಸಕ್ಕೆ ಆಗುವ ಉಪಕಾರ ಇದು.

ಇಂದು ಅಬ್ಬಕ್ಕನೆಂದರೆ ಕಣ್ಣಮುಂದೆ ಬರುವುದು ಕುದುರೆ, ಹಿರಿದ ಕತ್ತಿ, ಅಗ್ನಿಬಾಣ. ಪರಕೀಯರಿಗೆ ತಲೆಬಾಗದ ಸ್ವಾಭಿಮಾನಕ್ಕೆ ಆ ರೂಪ ಒಪ್ಪುವಂಥದೇ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಕತ್ತಿ ಹಿಡಿದ ದಿನಗಳು ಎಷ್ಟು,ಕಾಲುವೆ ನೋಡಿದ ದಿನಗಳು ಎಷ್ಟು ಎಂದು ಕೇಳಿಕೊಂಡರೆ ಅರಸುತನದ ಬಹುಪಾಲು ಯಾವುದೆಂದು ತಿಳಿಯುತ್ತದೆ. ಕಾಳಗದ ನೆನಪನ್ನು ಹಾಡುಗಳು ಕಾಯುತ್ತವೆ. ನೀರಿನ ನೆನಪನ್ನು ಕಾಯುವವರು ಕಡಿಮೆ. ಸುಳ್ಯ, ಕಡಬಗಳ ಕಡೆಯಲ್ಲೂ ಕೊಳವೆಬಾವಿ ಬಂದ ಮೇಲೆ ಅನೇಕ ಕಟ್ಟಗಳು ಕಟ್ಟುವವರಿಲ್ಲದೆ ಹೋದವು, ಅವುಗಳ ಹೆಸರುಗಳೂ ಹೋದವು. ಕೆಲವೆಡೆ ಈಗ ಮತ್ತೆ ಕಿಂಡಿ ಅಣೆಕಟ್ಟುಗಳು, ಊರವರೇ ಕೂಡಿ ಕಟ್ಟುವ ಕಟ್ಟಗಳು ಏಳುತ್ತಿವೆ. ಅಂಥ ದಂಡೆಯ ಮೇಲೆ ನಿಂತು ಕೆಲಸ ನೋಡುವ ಹೆಂಗಸಿಗೆ ತನಗಿಂತ ನಾಲ್ಕುನೂರು ವರ್ಷ ಹಿಂದೆ ಚೌಟರ ರಾಣಿಯೊಬ್ಬಳು ಇದೇ ತಿಂಗಳಲ್ಲಿ ಹೀಗೆಯೇ ಬರಿಗಾಲಿನಲ್ಲಿ ಹೊರಟಿದ್ದಳೆಂದು ತಿಳಿದರೆ, ಅಬ್ಬಕ್ಕ ಅವಳಿಗೆ ವಿಗ್ರಹವಾಗುವುದಕ್ಕಿಂತ ನೆರೆಯವಳಾದಾಳು.

ಕಾಲೇಜಿನ ಪಾಠಗಳಲ್ಲಿ ಪ್ರವಾಸಿಗರ ಬರೆಹಗಳನ್ನು ಎರಡು ಬಗೆಯಲ್ಲಿ ಓದಿಸುವ ರೂಢಿಯಿದೆ. ಒಂದು, ಅವರು ಹೇಳಿದ್ದೆಲ್ಲ ಆಧಾರವೆಂದು ನಂಬುವುದು. ಇನ್ನೊಂದು, ಪರಕೀಯನ ಪೂರ್ವಗ್ರಹವೆಂದು ತಳ್ಳಿಬಿಡುವುದು. ಮೊದಲನೆಯದನ್ನು ಹಿಡಿದರೆ ಅಬ್ಬಕ್ಕ ಅಡುಗೆಯವಳಂತಿದ್ದವಳಾಗಿಯೇ ಉಳಿಯುತ್ತಾಳೆ. ಎರಡನೆಯದನ್ನು ಹಿಡಿದರೆ ಕಾಲುವೆಯೂ ಕೊಚ್ಚಿಹೋಗುತ್ತದೆ. ಮೂರನೆಯ ದಾರಿ ಕಷ್ಟದ್ದು. ವಾಕ್ಯವನ್ನು ಬಿಡಿಸಿ, ಇದು ಕಣ್ಣು ಕಂಡದ್ದು, ಇದು ಕಿವಿ ಕೇಳಿದ್ದು, ಇದು ಮನಸ್ಸು ಮೊದಲೇ ತಂದದ್ದು ಎಂದು ವಿಂಗಡಿಸುವುದು. ಕಣ್ಣು ಕಂಡದ್ದನ್ನು ನೆಲದ ಮೇಲಿಟ್ಟು, ಋತುವಿನ ಜೊತೆಗೆ, ಬೆಳೆಯ ಜೊತೆಗೆ, ಹೊಳೆಯ ಜೊತೆಗೆ ತಾಳೆನೋಡುವುದು. ಗ್ರಂಥಾಲಯ ಬಲ್ಲವನಿಗೂ ಗದ್ದೆ ಬಲ್ಲವನಿಗೂ ಈ ಕೆಲಸದಲ್ಲಿ ಸಮಪಾಲು. ಅನೇಕಾಂತವನ್ನು ಒಪ್ಪಿದ ಪರಂಪರೆಗೆ ಈ ಓದು ಸಹಜವೇ ಆಗಬೇಕು: ವಸ್ತುವಿಗೆ ಅನೇಕ ಮುಖಗಳಿವೆ, ಯಾವ ಒಬ್ಬನ ನೋಟವೂ ಪೂರ್ಣವಲ್ಲ, ಯಾವ ಒಬ್ಬನ ನೋಟವೂ ಪೂರ್ತಿ ವ್ಯರ್ಥವೂ ಅಲ್ಲ.

ದೆಲ್ಲಾ ವಾಲ್ಲೆ 1626ರಲ್ಲಿ ರೋಮಿಗೆ ಮುಟ್ಟಿದನು. ಐದು ವರ್ಷ ಹೊತ್ತು ತಂದ ಪೆಟ್ಟಿಗೆಯನ್ನು ತನ್ನ ವಂಶದವರ ಸಮಾಧಿಯಲ್ಲಿ ಇಳಿಸಿದನು. ಮಣೇಲಿನ ಆ ಹಗಲು ಆತನ ಹನ್ನೆರಡು ವರ್ಷಗಳ ಯಾತ್ರೆಯಲ್ಲಿ ಒಂದು ಸಣ್ಣ ಬಿಡುವು. ಪುಸ್ತಕದಲ್ಲಿ ಕೆಲವೇ ಪುಟ. ರಾಣಿಗಾದರೂ ಅದು ಕಾಲುವೆಗೆ ಹೋಗುವ ದಾರಿಯಲ್ಲಿ ಎದುರಾದ ಒಬ್ಬ ಅಪರಿಚಿತನೊಡನೆ ಕಳೆದ ಸ್ವಲ್ಪ ಹೊತ್ತು, ಅಷ್ಟೆ. ಆ ಸ್ವಲ್ಪ ಹೊತ್ತಿನಿಂದ ಚೌಟರ ಅರಸಿಯೊಬ್ಬಳು ನಡೆಯುವುದು ನಮಗೆ ಕಾಣುತ್ತದೆ. ಆಕೆ ಎತ್ತ ನಡೆದಳೆಂಬುದನ್ನು ಮರೆಯದಿದ್ದರೆ ಆ ನೋಟ ಸಾರ್ಥಕ.